ಹಿಂದೆ ಮಲಗಿದ್ದವನ ಪಾಲು

“ಅರ್ಧ ಕೊಟ್ಟಾನಲ್ಲ, ಮತ್ತೇನು ಬೇಕು ನಿನಗ?”

ಕೊಟ್ಟೂರಿನ ಚಹಾದಂಗಡಿಯಿಂದ ಹರಪನಹಳ್ಳಿಯ ಗ್ಯಾರೇಜಿನವರೆಗೆ ಎಲ್ಲರದೂ ಇದೇ ಪ್ರಶ್ನೆ. ಒಬ್ಬೊಬ್ಬರ ಮುಂದೆ ನಿಂತು ಉತ್ತರ ಹೇಳಿ ಸಾಕಾಗಿದೆ. ಇಲ್ಲೇ ಒಂದು ಸಲ ಬರೆದುಬಿಡುತ್ತೇನೆ, ಓದಿಕೊಳ್ಳಿ.

ನಾನೂ ನನ್ನ ಗೆಳೆಯನೂ ಸೇರಿ ಒಂದು ಹತ್ತು ಗಾಲಿಯ ಲಾರಿ ತೆಗೆದುಕೊಂಡಿದ್ದೇವೆ, ಸೆಕೆಂಡ್ ಹ್ಯಾಂಡು. ಸಂಬಳ ಕೊಟ್ಟು ಡ್ರೈವರ್ ಇಟ್ಟುಕೊಳ್ಳುವ ತಾಕತ್ತು ಇಬ್ಬರಿಗೂ ಇಲ್ಲ, ಹಾಗಾಗಿ ಇಬ್ಬರೂ ಡ್ರೈವರುಗಳೇ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ಕೋಳಿ ಆಹಾರದ ಫ್ಯಾಕ್ಟರಿಗಳಿಗೆ ಹೋಗುವುದು, ಬರುವಾಗ ಸಿಮೆಂಟೋ ಮತ್ತೊಂದೋ ಸಿಕ್ಕಿದ್ದು ಹೇರಿಕೊಂಡು ಬರುವುದು. ಬಾಡಿಗೆಯಲ್ಲಿ ಡೀಸೆಲ್, ಟೋಲ್, ಊಟ ಕಳೆದು, ಫೈನಾನ್ಸಿನವರ ಕಂತು ಕಟ್ಟಿ, ಟೈರಿಗೆ ಅಂತ ಸ್ವಲ್ಪ ಎತ್ತಿಟ್ಟು, ಉಳಿದದ್ದು ಅರ್ಧ ಅರ್ಧ. ಟೈರು, ಗ್ರೀಸು, ಇಂಜಿನ್ನು ನನ್ನ ಕೆಲಸ. ಇನ್ಶೂರೆನ್ಸು, ಪರ್ಮಿಟ್ಟು, ಬ್ರೋಕರುಗಳ ಹತ್ತಿರ ಮಾತು ಅವನದು. ದುಡ್ಡಿನ ವಿಷಯದಲ್ಲಿ ಅವನ ಮೇಲೆ ಬೆರಳು ತೋರಿಸುವ ಹಾಗಿಲ್ಲ. ಹರಿದ ತಾಡಪತ್ರಿ ಮಾರಿ ಬಂದ ಚಿಲ್ಲರೆಯಲ್ಲೂ ನನ್ನ ಅರ್ಧ ಮನೆಗೆ ತಂದು ಕೊಟ್ಟವನು.

ಆದರೆ ಇಬ್ಬರು ಸೇರಿ ಲಾರಿ ಓಡಿಸುವುದೆಂದರೆ ಬರೀ ದುಡ್ಡಲ್ಲ ಸ್ವಾಮಿ. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಬೇಕು. ಮಲಗಿ ಎದ್ದರೆ ಮಾತ್ರ ಅವನ ಪಾಳಿ ನಡೆಯುತ್ತದೆ. ಅದಕ್ಕೆ ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಪಾಳಿ ಬದಲಾಗುವಾಗ ಸ್ಟೇರಿಂಗ್ ಹಿಡಿದವನು ಹಿಂದೆ ತಿರುಗಿ ಹೇಳಬೇಕು: “ನಾನದೀನಿ, ಮಕ್ಕೋ.” ಆ ಮಾತು ಕಿವಿಗೆ ಬೀಳುವವರೆಗೆ ಹಿಂದಿನವನು ಕಣ್ಣು ಮುಚ್ಚುವುದಿಲ್ಲ. ಬಿದ್ದ ಮೇಲೆ ಘಾಟ್ ಬರಲಿ, ಗುಂಡಿ ಬರಲಿ, ಚಿಂತೆಯಿಲ್ಲ. ಮನೆಯ ಮಂಚದ ಮೇಲೂ ನನಗೆ ಅಂಥ ನಿದ್ದೆ ಬಂದದ್ದಿಲ್ಲ.

ಆ ದಿನ ಕೊಟ್ಟೂರಿನ ಅಂಗಡಿಯೊಂದಕ್ಕೆ ಸಿಮೆಂಟ್ ಹೇರಿಕೊಂಡು ಬರುತ್ತಿದ್ದೆವು. ಚಿತ್ರದುರ್ಗದವರೆಗೆ ನಾನು ಓಡಿಸಿದೆ. ಅಲ್ಲಿ ಉಂಡು ಅವನು ಸ್ಟೇರಿಂಗಿಗೆ ಕೂತ. “ನಾನದೀನಿ, ಮಕ್ಕೋ” ಅಂದ. ಮಲಗಿದೆ.

ಎಚ್ಚರವಾದದ್ದು ಗೇರಿನ ಕಿರುಚಾಟಕ್ಕೆ. ನನ್ನ ಲಾರಿಯ ಗೇರು ಹಾಗೆ ಕೂಗುವುದಿಲ್ಲ. ಏಳುವಷ್ಟರಲ್ಲಿ ಬ್ರೇಕ್ ಬಿತ್ತು. ನನ್ನ ತಲೆ ಹೋಗಿ ಕ್ಯಾಬಿನ್ನಿನ ಕಬ್ಬಿಣಕ್ಕೆ ಬಡಿಯಿತು. ಹಣೆ ಹಿಡಿದುಕೊಂಡು ಮುಂದೆ ಇಣುಕಿದರೆ ರಸ್ತೆ ತುಂಬ ಕುರಿ. ಬಂಪರಿಗೂ ಮೊದಲ ಕುರಿಗೂ ನಡುವೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಜಾಗ. ಕಾನಹೊಸಹಳ್ಳಿ ದಾಟಿ ಕೊಟ್ಟೂರಿನ ರಸ್ತೆಗೆ ಹೊರಳಿದ್ದೆವು.

ಸ್ಟೇರಿಂಗ್ ಮೇಲೆ ನನ್ನ ಗೆಳೆಯ ಇರಲಿಲ್ಲ. ದಪ್ಪ ಮೀಸೆಯ ಬೇರೆ ಯಾರೋ ಎರಡೂ ಕೈಯಿಂದ ಅದನ್ನು ಅವುಚಿಕೊಂಡು ಕೂತಿದ್ದ. ನನ್ನ ಗೆಳೆಯ ಪಕ್ಕದ ಸೀಟಿನಲ್ಲಿ ಕಾಲು ಮಡಚಿಕೊಂಡು ಶೇಂಗಾ ಸುಲಿಯುತ್ತಿದ್ದ.

ಕೆಳಗಿಳಿದೆ. ಕುರಿಯವನು ಕೋಲು ಎತ್ತಿಕೊಂಡು ನನ್ನ ಮೇಲೇ ಬಂದ.

“ನೀನೇನಲೇ ಡ್ರೈವರು?”

“ನಾನು ಮಲಗಿದ್ನೋ ಯಪ್ಪಾ!”

“ಮಲಕ್ಕೊಂಡು ಲಾರಿ ಹೊಡಿತೀಯೇನಲೇ! ಒಂದು ಮರಿ ಸತ್ತಿದ್ರ ನಿನ್ನ ಇಲ್ಲೇ ಹೂಳ್ತಿದ್ದೆ!”

ಅವನಿಗೆ ಕೈಮುಗಿದು, ಕುರಿ ದಾಟಿದ ಮೇಲೆ ಗೆಳೆಯನ ಕಡೆ ತಿರುಗಿದೆ.

“ಯಾರಲೇ ಇವನು?”

“ನನ್ನ ಹೆಂಡ್ತಿ ತಮ್ಮ. ಕಾನಹೊಸಹಳ್ಳ್ಯಾಗ ಹತ್ತಿದ. ಟ್ರ್ಯಾಕ್ಟರ್ ಹೊಡಿತಾನ. ಲಾರಿ ಕಲೀಬೇಕಂತ.”

“ನಾನದೀನಿ ಅಂದ್ಯಲ್ಲಲೇ ನನಗ?”

“ಅದೀನಲ್ಲ! ಪಕ್ಕದಾಗ ಕುಂತೀನಿ, ಕಾಣ್ಸವಲ್ದೇನು?”

ಆ ಮೀಸೆಯವನು ಎರಡು ಮಕ್ಕಳ ತಂದೆ. ಮುಖ ಸಣ್ಣದು ಮಾಡಿಕೊಂಡು ಹೇಳಿದ: “ಅಣ್ಣಾ, ಹೋದ ಟ್ರಿಪ್ಪಿನಾಗ ಇದಕ್ಕಿಂತ ಚೊಲೊ ಹೊಡದಿದ್ನಿರಿ. ನೀವು ಏಳಲೇ ಇಲ್ಲ.”

ಹೋದ ಟ್ರಿಪ್ಪು! ಅಂದರೆ ಇದು ಮೊದಲ ಸಲವೂ ಅಲ್ಲ. ಸಿಮೆಂಟ್ ಹೇರಿದ ಗಾಡಿಯನ್ನು ಟ್ರ್ಯಾಕ್ಟರ್ ಹೊಡೆಯುವವನ ಕೈಗೆ ಕೊಟ್ಟು, ನನ್ನನ್ನು ಹಿಂದೆ ಇನ್ನೊಂದು ಮೂಟೆಯ ಹಾಗೆ ಹೇರಿಕೊಂಡು ಹೋಗಿದ್ದಾರೆ. ನಾನು ಗೊರಕೆ ಹೊಡೆದಿದ್ದೇನೆ. ಬೈಯಲು ಬಾಯಿ ತೆರೆದೆ, ಗೆಳೆಯ ಕೈ ಅಡ್ಡ ಹಿಡಿದ.

“ತಡೀ ತಡೀ. ಪುಗಸಟ್ಟೆ ಕಲಿಸಿಲ್ಲ. ಫೀಜು ತಗೊಂಡೀನಿ.”

ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರ ಫೋಟೊ ಸರಿಸಿ, ಅದರ ಹಿಂದಿನಿಂದ ಮಡಚಿಟ್ಟ ಐನೂರರ ನೋಟುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ.

“ನಿನ್ನ ಅರ್ಧ. ಲಾರಿ ಇಬ್ಬರದೂ ಅಲ್ಲೇನು? ಹೋದ ಟ್ರಿಪ್ಪಿಂದೂ ಸೇರೈತಿ, ಒಂದು ರೂಪಾಯಿ ಮುಟ್ಟಿಲ್ಲ.”

ಕಳ್ಳನಾಗಿದ್ದರೆ ಚೆನ್ನಾಗಿತ್ತು. ಬಡಿದು ಮನೆಗೆ ಹೋಗಬಹುದಿತ್ತು. ಈ ಮನುಷ್ಯ ನನ್ನ ಜೀವವನ್ನು ಬಾಡಿಗೆಗೆ ಕೊಟ್ಟು, ಬಂದ ಬಾಡಿಗೆಯಲ್ಲಿ ನನಗೆ ಪಾಲು ಎತ್ತಿಟ್ಟಿದ್ದಾನೆ! ನೋಟುಗಳನ್ನು ಅವನ ಮಡಿಲಿನ ಶೇಂಗಾ ಸಿಪ್ಪೆಯ ಮೇಲೆ ಎಸೆದು, ಆ ಮೀಸೆಯವನನ್ನು ಇಳಿಸಿ, ಕೊಟ್ಟೂರಿನವರೆಗೆ ನಾನೇ ಓಡಿಸಿದೆ.

ಅಲ್ಲಿಂದ ಶುರುವಾಯಿತು ಊರವರ ಉಪದೇಶ. ಏನೂ ಆಗಲಿಲ್ಲವಲ್ಲ. ಪಕ್ಕದಲ್ಲಿ ಅವನೇ ಇದ್ದನಲ್ಲ. ಅರ್ಧ ಕೊಟ್ಟನಲ್ಲ. ಕುರಿಯ ಬದಲು ಎದುರಿಗೆ ಬಸ್ಸು ಬಂದಿದ್ದರೆ ಯಾವ ಅರ್ಧ ನನ್ನದಾಗುತ್ತಿತ್ತು? ಮೇಲಿನದೋ, ಕೆಳಗಿನದೋ? ಯಾರಾದರೂ ಸತ್ತಿದ್ದರೆ ಇನ್ಶೂರೆನ್ಸಿನವರು ಸ್ಟೇರಿಂಗ್ ಹಿಡಿದವನ ಲೈಸೆನ್ಸ್ ಕೇಳುತ್ತಾರೆ. ಇನ್ಶೂರೆನ್ಸ್ ನೋಡಿಕೊಳ್ಳುವವನು ಇವನೇ, ಅಷ್ಟೂ ಗೊತ್ತಿಲ್ಲವೇ? ಲೈಸೆನ್ಸ್ ಇಲ್ಲದವನು ಗುದ್ದಿದರೆ ಲಾರಿಯೂ ಹೋಗುತ್ತಿತ್ತು, ಎರಡು ಮನೆಯೂ ಹೋಗುತ್ತಿತ್ತು.

ನನ್ನ ಹೆಂಡತಿಯೂ ಅಂದಳು: “ಒಂದು ಮಾತು ತಗೊಂಡು ಬಿಟ್ಟುಬಿಡ್ರಿ. ಹಳೇ ಗೆಳೆತನ.” ಮಾತು ಕೊಟ್ಟೇ ಅಲ್ಲವೇ ಅವನು ಈ ಕೆಲಸ ಮಾಡಿದ್ದು?

ಆದರೂ ಬಿಟ್ಟೆ, ಇನ್ನೊಂದು ಟ್ರಿಪ್ ಕೂಡಿಯೇ ಹೋದೆ. ಅವನು ಸ್ಟೇರಿಂಗ್ ಹಿಡಿದು “ನಾನದೀನಿ, ಮಕ್ಕೋ” ಅಂದ. ಕಣ್ಣು ಮುಚ್ಚಿದೆ. ಗಾಡಿ ನಿಧಾನವಾದರೆ ಎದ್ದು ನೋಡು, ಗೇರು ಬದಲಾದರೆ ಎದ್ದು ನೋಡು. “ಮಕ್ಕೋಲೇ ಮಾರಾಯ, ಗೂಬಿ ಹಂಗ ಇಣಕ್ತೀ” ಅಂತ ಅವನೇ ಬೈದ. ನನ್ನ ಪಾಳಿ ಬರುವಷ್ಟರಲ್ಲಿ ಕಣ್ಣಿಗೆ ಖಾರ ಹಾಕಿದ ಹಾಗಾಗಿತ್ತು. ತೂಕಡಿಸಿ ಡಿವೈಡರ್ ಹತ್ತಿಸುವುದೊಂದು ಬಾಕಿ.

ಊರಿಗೆ ಬಂದು ಹೇಳಿದೆ. ಇನ್ನು ಒಂದು ಟ್ರಿಪ್ ನಿನ್ನದು, ಒಂದು ನನ್ನದು. ಲಾರಿಯ ಖರ್ಚಿನಲ್ಲಿ ಅರ್ಧ ಅರ್ಧ. ಹಿಂದಿನ ಹಲಗೆಯಲ್ಲಿ ಪಾಲಿಲ್ಲ.

ಈಗ ಟ್ರಿಪ್ಪು ಕಡಿಮೆ, ದುಡಿಮೆ ಕಡಿಮೆ, ಸಿಟ್ಟು ಮಾತ್ರ ಕಡಿಮೆಯಾಗಿಲ್ಲ. ನಿದ್ದೆ ಬಂದರೆ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಚಾವಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಮಲಗುತ್ತೇನೆ. ಮೊನ್ನೆ ಹಾಗೆ ಮಲಗಿದ್ದಾಗ ಅವನ ಫೋನು.

“ಒಬ್ಬನೇ ಹೋಗಿ ಸಾಕಾಗೇತಲೇ. ಮತ್ತ ಕೂಡಿ ಹೋಗೋಣು.”

“ನಿನ್ನ ಹೆಂಡ್ತಿ ತಮ್ಮನ್ನ ಕರಕೊಂಡು ಹೋಗು. ಅವನ ಕೈಗೆ ಸ್ಟೇರಿಂಗ್ ಕೊಟ್ಟು ನೀನು ಹಿಂದ ಮಕ್ಕೋ.”

ಅವನು ತಟಕ್ಕನೆ ಅಂದ: “ಏಯ್, ಅವನ ಕೈಗೆ ಕೊಟ್ಟು ನಾ ಹೆಂಗ ಮಕ್ಕೊಳ್ಳಲಿ ಲೇ?”

ಫೋನ್ ಇಟ್ಟು, ಮಗ್ಗುಲು ಬದಲಿಸಿ ಮಲಗಿದೆ.