ಇಂಗ್ಲಿಷಿನಲ್ಲಿ ಹೇಳಲಾಗದ ವಾಸನೆ

ಕಡ್ಡಿಪೆಟ್ಟಿಗೆ ಮಾಸ್ಟ್ರ ಕೈಯಲ್ಲಿತ್ತು. ಗ್ಯಾಸಿನ ವಾಸನೆ ನನ್ನ ಮೂಗಿಗೆ ಬಡಿದಿತ್ತು. ಆದರೂ ನಾನು ತುಟಿ ಬಿಚ್ಚದೆ ಕೂತಿದ್ದೆ. ಯಾಕೆ ಗೊತ್ತೇ? ಅದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ.

ನೀವು ನಗಬಹುದು. ಅಂದು ಯಾರಿಗೂ ನಗು ಬರುವ ಹಾಗಿರಲಿಲ್ಲ.

ಅರವತ್ತರ ದಶಕ. ಮೂಡುಬಿದಿರೆಯ ಒಂದು ಹೈಸ್ಕೂಲು. ರಾಘವ ಮಾಸ್ಟ್ರು ನಮಗೆ ಸಯನ್ಸೂ ಇಂಗ್ಲಿಷೂ ಎರಡನ್ನೂ ಕಲಿಸುತ್ತಿದ್ದರು. ಅವರ ಪೀರಿಯಡ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ತುಳುವೋ ಕನ್ನಡವೋ ಬಾಯಿಗೆ ಬಂದರೆ ಬೆಂಚಿನ ಮೇಲೆ ನಿಲ್ಲಬೇಕು. (ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ನಮಗೆ ಪುಸ್ತಕದಲ್ಲಿ ಮಾತ್ರ ಇತ್ತು.) ದಿನಕ್ಕೆ ಐದು ಈಡಿಯಮ್, ಅಂದರೆ ನುಡಿಗಟ್ಟು, ಬಾಯಿಪಾಠ. ಅದರಲ್ಲಿ ವೇಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ವಾರಿಜ ಎಲ್ಲರಿಗಿಂತ ಮುಂದೆ. ನನ್ನ ಪಕ್ಕದಲ್ಲೇ ಅವಳು ಕೂರುತ್ತಿದ್ದದ್ದು.

ಲ್ಯಾಬಿಗೆ ಹೊಸದಾಗಿ ಗ್ಯಾಸ್ ಬರ್ನರ್ ಬಂದಿತ್ತು. ಮೊದಲು ಕಡ್ಡಿ ಗೀರಬೇಕು, ಆಮೇಲೆ ಗ್ಯಾಸಿನ ನಳ್ಳಿ ತಿರುಗಿಸಬೇಕು ಎಂದು ಮಾಸ್ಟ್ರು ಹತ್ತು ಸಲ ಹೇಳಿದ್ದರು. ಅವರು ತಪ್ಪುವವರಲ್ಲ. ಆದರೆ ಹಿಂದಿನ ಮೇಜಿನ ನಳ್ಳಿಯನ್ನು ಯಾರೋ ಅರ್ಧ ತೆರೆದೇ ಬಿಟ್ಟು ಹೋಗಿದ್ದರು. ಮಾಸ್ಟ್ರಿಗೆ ಆ ದಿನ ಜೋರು ಶೀತ. ಅವರಿಗೆ ವಾಸನೆ ತಿಳಿಯಲಿಲ್ಲ.

ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಗ್ಯಾಸ್ ಈಸ್ ಕಮಿಂಗಾ? ಗ್ಯಾಸ್ ಈಸ್ ಸ್ಮೆಲ್ಲಿಂಗಾ?

ಅಷ್ಟರಲ್ಲಿ ವಾರಿಜ ಎದ್ದು ನಿಂತಳು. "ಸರ್, ಐ ಸ್ಮೆಲ್ ಎ ರ‍್ಯಾಟ್."

ಹಿಂದಿನ ವಾರವಷ್ಟೇ ಕಲಿತ ಈಡಿಯಮ್. ಮಾತಿನಲ್ಲಿ ಇಲಿಯ ವಾಸನೆ, ಅರ್ಥ ಮಾತ್ರ ಏನೋ ಮೋಸವಿದೆ ಎಂಬ ಗುಮಾನಿ. ಕ್ಲಾಸು ನಕ್ಕಿತು. ಮಾಸ್ಟ್ರಿಗೂ ಖುಷಿ. ಕಡ್ಡಿಯನ್ನು ಬೆರಳಲ್ಲೇ ಹಿಡಿದು, ಯಾರ ಮೇಲೆ ಗುಮಾನಿ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಮುಂದಿನದಕ್ಕೆ ಅವಳಲ್ಲಿ ಈಡಿಯಮ್ ಇರಲಿಲ್ಲ. ಕಣ್ಣಲ್ಲಿ ನೀರು. ಮಾಸ್ಟ್ರು ಪುನಃ ಪೆಟ್ಟಿಗೆಯತ್ತ ಕಡ್ಡಿ ತಂದರು.

"ಗೀರಬೇಡಿ ಸರ್. ಗ್ಯಾಸಿನ ವಾಸನೆ ಬರ್ತಾ ಉಂಟು," ಎಂದಳು. ಕನ್ನಡದಲ್ಲಿ.

ಅಂದವಳೇ, ಯಾರೂ ಹೇಳದೆ, ತಾನೇ ಬೆಂಚು ಹತ್ತಿ ನಿಂತಳು.

ಕಡ್ಡಿಪೆಟ್ಟಿಗೆ ಮಾಸ್ಟ್ರ ಜೇಬಿಗೆ ಹೋಯಿತು. ಅವಳನ್ನು ಕೈ ಹಿಡಿದು ಕೆಳಗಿಳಿಸಿದರು, ನಮ್ಮನ್ನೆಲ್ಲ ಅಂಗಳಕ್ಕೆ ಕಳಿಸಿದರು, ನಳ್ಳಿ ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದರು. ಹೊರಗೆ ಬಂದು, ಬೇರೆ ಯಾರಿಗಾದರೂ ವಾಸನೆ ಬಂದಿತ್ತಾ ಎಂದು ಕೇಳಿದರು. ಒಂದು ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ.

ಮರುದಿನ ಲ್ಯಾಬಿನ ಗೋಡೆಯಲ್ಲಿ ಅವರದೇ ಅಕ್ಷರದಲ್ಲಿ ಕನ್ನಡ ಬೋರ್ಡು: ವಾಸನೆ ಬಂದರೆ ಕಡ್ಡಿ ಗೀರಬೇಡಿ, ಕೂಡಲೇ ಕೂಗಿ ಹೇಳಿ. ಬೆಂಚಿನ ಶಿಕ್ಷೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಮುಂದುವರಿಯಿತು. ಲ್ಯಾಬಿನಲ್ಲಿ ನಿಂತಿತು.

ಮೊನ್ನೆ ಬಂಟ್ವಾಳದ ಒಂದು ಮದುವೆಯಲ್ಲಿ ವಾರಿಜ ಸಿಕ್ಕಿದಳು. ಊಟದ ಪಂಕ್ತಿಯಲ್ಲಿ, ಇಷ್ಟು ವರ್ಷದ ಮೇಲೆ, ಅಂದು ನನಗೂ ವಾಸನೆ ಬಂದಿತ್ತು ಎಂದು ಒಪ್ಪಿಕೊಂಡೆ.

ಅವಳು ಅನ್ನ ಕಲಸುತ್ತಲೇ ಹೇಳಿದಳು: "ಗೊತ್ತುಂಟು ಮಾರಾಯ್ತಿ. ನೀನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡದ್ದು ನೋಡಿಯೇ ನನಗೆ ಅದು ಗ್ಯಾಸೇ ಅಂತ ಖಾತ್ರಿಯಾದದ್ದು."

ತಪ್ಪಾದೀತು ಎಂದು ನಾವು ನುಂಗಿದ ಮಾತನ್ನು ತಾವೇ ಆಡಿ, ನಮ್ಮ ಪಕ್ಕದಲ್ಲಿ ಎಷ್ಟು ಮಂದಿ ವಾರಿಜರು ಬೆಂಚು ಹತ್ತಿದ್ದಾರೋ?