ಅತ್ತೆಯ ಪಿಂಚಣಿ ಏರುವ ಊರು

ಅಥವಾ ಅತ್ತೆ ತರುತ್ತಿದ್ದ ಮೀನು ಆ ಕ್ರಮದಲ್ಲಿ ಇಳಿದಿರಲಿಕ್ಕಿಲ್ಲ. ಮೊದಲು ದುಬಾರಿ ಅಂಜಲ್, ಆಮೇಲೆ ಬಂಗುಡೆ, ಕೊನೆಗೆ ಅಗ್ಗದ ಬೂತಾಯಿ ಎಂದು ನನ್ನ ನೆನಪಿನಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಇಷ್ಟು ಶಿಸ್ತಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಹೆಂಡತಿಯನ್ನು ಕೇಳಿದೆ. "ಮಮ್ಮಿಗೆ ಯಾವಾಗಲೂ ಬೂತಾಯಿಯೇ ಇಷ್ಟ. ಅಂಜಲ್ ಬೇಕಿದ್ದದ್ದು ನಿನಗೆ" ಅಂದಳು. ಮೀನು ಇಳಿದದ್ದು ಬೆಲೆಯಿಂದಲೋ, ರುಚಿಯಿಂದಲೋ, ಅಥವಾ ಹೇಳಲು ಅನುಕೂಲವಾಗಲಿ ಎಂದು ನಾನೇ ಆಮೇಲೆ ಜೋಡಿಸಿಟ್ಟೆನೋ, ಈಗ ತಿಳಿಯುವ ದಾರಿಯಿಲ್ಲ.

ಇಷ್ಟು ಮಾತ್ರ ನಿಜ. ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಮನೆಯಲ್ಲಿ ಶುಕ್ರವಾರದ ಮೀನಿನ ಖರ್ಚು ಅತ್ತೆಯದು. ಬಂದ ವಾರವೇ ಅವರು ಮಾಡಿದ ಕಾನೂನು ಅದು. ಬಾಡಿಗೆ, ಕರೆಂಟು, ಅವರ ಇನ್ಶೂರೆನ್ಸು ಎಲ್ಲ ನಾನು ಕೊಡಬಹುದು. ಇಲ್ಲಿ ರಜೆಯಾದ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬರುವಾಗ ತರುವ ಮೀನು ಮಾತ್ರ ಅವರ ಪಿಂಚಣಿಯದು, ಅಂದರೆ ಇಂಗ್ಲೆಂಡಿನ ಸರ್ಕಾರದ್ದು. ಹಾಗೆಯೇ ಹೇಳುತ್ತಿದ್ದರು. "ತಿನ್ನು ಪುತಾ, ಸರ್ಕಾರದ ಮೀನು."

ಅತ್ತೆ ಬ್ರಿಟಿಷ್ ಪ್ರಜೆ. ಹೀಗೆಂದ ಕೂಡಲೇ ಬಿಸಿಲಿಗೆ ಮುಖ ಕೆಂಪಾದ ಒಬ್ಬ ದೊರೆಸಾನಿ ಕಣ್ಣಿಗೆ ಬರಬಹುದು. ಇವರು ಕುಂದಾಪುರದ ಕಡೆಯ ಕ್ರಿಶ್ಚಿಯನ್ ಹೆಂಗಸು. ನರ್ಸಿಂಗ್ ಕಲಿತು, ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು, ಗಂಡನ ಜೊತೆ ಇಂಗ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಗೆ ಹೋದವರು. ಅಲ್ಲೇ ನಿವೃತ್ತರಾದರು. ಅಲ್ಲೇ ಮಾವ ತೀರಿಕೊಂಡರು. ಆಮೇಲೆ ಇದ್ದೊಬ್ಬ ಮಗಳ ಮನೆಗೆ, ಅಂದರೆ ನಮ್ಮಲ್ಲಿಗೆ ಬಂದರು. ಅವರ ವಾಸದ ಪರವಾನಗಿ ನನ್ನ ಹೆಸರಿನ ಮೇಲಿದೆ. ಹೀಗೆ ಜಾಮೀನು ನಿಂತವನಿಗೆ ಇಲ್ಲಿ ಕಫೀಲ್ ಅನ್ನುತ್ತಾರೆ. ನನ್ನ ಮೇಲೆ ಪ್ರೀತಿ ಇದ್ದ ದಿನ ಅತ್ತೆ ನನ್ನನ್ನು 'ಪುತಾ', ಅಂದರೆ ಮಗನೇ, ಎಂದು ಕರೆಯುತ್ತಿದ್ದರು, ಸಿಟ್ಟಿದ್ದ ದಿನ 'ಕಫೀಲ್ ಸಾಹೇಬ್ರೇ' ಎಂದು.

ಬಂದು ಒಂದೆರಡು ವರ್ಷದ ಮೇಲೆ ಅವರಿಗೆ ವಿಷಯ ಗೊತ್ತಾಯಿತು. ಇಂಗ್ಲೆಂಡಿನಲ್ಲಿರುವ ಮುದುಕರಿಗೆ ಸರ್ಕಾರದ ಪಿಂಚಣಿ ಪ್ರತಿ ವರ್ಷ ಒಂದಿಷ್ಟು ಏರುತ್ತದೆ. ದೇಶ ಬಿಟ್ಟು ಹೋದ ಮುದುಕರಿಗೆ ಏರುವುದು ಬಿಡುವುದು ಅವರು ಹೋದ ಊರಿನ ಮೇಲೆ ನಿಂತಿದೆ. ಅಮೆರಿಕಕ್ಕೆ ಹೋದವರಿಗೆ ಏರುತ್ತದೆ. ಫಿಲಿಪ್ಪೀನ್ಸಿಗೆ ಹೋದವರಿಗೂ ಏರುತ್ತದೆ. ಕೆನಡಾ, ಆಸ್ಟ್ರೇಲಿಯಾ, ಭಾರತ, ಕತಾರ್ ಅಂದರೆ ಇಲ್ಲ. ಮೀನಿನ ಬೆಲೆ ಎಷ್ಟೇ ಏರಲಿ, ಪಿಂಚಣಿ ಹೊರಟಾಗ ಎಷ್ಟಿತ್ತೋ ಕೊನೆಯವರೆಗೆ ಅಷ್ಟೇ. ಅತ್ತೆಯ ಜೊತೆ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದವಳೊಬ್ಬಳು ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳು ಫೋನಿನಲ್ಲಿ 'ಈ ಸಲ ಪರವಾಗಿಲ್ಲ, ಏರಿಸಿದ್ದಾರೆ' ಅಂದದ್ದರಿಂದ ಇದೆಲ್ಲ ಶುರುವಾಯಿತು.

ನಮ್ಮ ಮನೆಗೆ ವಾರಕ್ಕೊಮ್ಮೆ ಸ್ವಚ್ಛ ಮಾಡಲು ಬರುವ ಫಿಲಿಪಿನೊ ಹೆಂಗಸಿಗೂ ಅತ್ತೆ ಇದನ್ನು ವಿವರಿಸಿದರು. ಅವಳು ಗಾಜು ಒರೆಸುತ್ತಲೇ, "ನಮ್ಮ ಮನೆಗೆ ಬನ್ನಿ ಮೇಡಂ, ಅಮ್ಮನ ಜೊತೆ ಇರಿ. ಏರಿದ್ದರಲ್ಲಿ ಅರ್ಧ ಅರ್ಧ" ಅಂದಳು. ಇಬ್ಬರೂ ತುಂಬ ಹೊತ್ತು ನಕ್ಕರು.

ಮೊದಲ ಕೆಲವು ತಿಂಗಳು ಅದು ನಗೆಯ ವಿಷಯವೇ ಆಗಿತ್ತು. ಆಮೇಲೆ ಯಾವಾಗ ಅಲ್ಲವಾಯಿತು ಎಂದು ನನ್ನನ್ನು ಕೇಳಿದರೆ ಬಿನ್ ಮಹಮೂದ್ ಬಡಾವಣೆಯ ಅಂಗಡಿಯಲ್ಲಿ ಅನ್ನುತ್ತೇನೆ. ಹೆಂಡತಿ ಅಲ್ಲ ಅನ್ನುತ್ತಾಳೆ. ಆದರೆ ಅವಳು ಅಂಗಡಿಯೊಳಗೆ ಬಂದಿರಲಿಲ್ಲ, ಕಾರಿನಲ್ಲಿ ಕೂತಿದ್ದಳು.

ಮದುವೆಯಾದ ಹೊಸತರಲ್ಲಿ ನಾವು ಬಿನ್ ಮಹಮೂದಿನಲ್ಲಿದ್ದೆವು. ಕುಚ್ಚಲಕ್ಕಿ, ತೆಂಗಿನಕಾಯಿಗೆ ಈಗಲೂ ಅಲ್ಲಿನ ಒಂದು ದಿನಸಿ ಅಂಗಡಿಗೇ ಹೋಗುತ್ತೇವೆ. ಅಂಗಡಿಯವರು ಉಳ್ಳಾಲದ ಕಡೆಯ ಬ್ಯಾರಿ, ಮೀಸೆ ಬರುವ ಮೊದಲೇ ದೋಹಾಕ್ಕೆ ಬಂದವರು. ಕುಂದಾಪುರದವರಾದ ಅತ್ತೆಗೆ ತುಳು ಬಾರದು, ಹಾಗಾಗಿ ಅವರಿಬ್ಬರ ಮಾತು ಕನ್ನಡದಲ್ಲಿ.

"ಎಂತ ಬಾಯಮ್ಮ, ಇವತ್ತು ಮುಖ ಸಣ್ಣ ಆಗಿದೆ?"

"ನನ್ನ ಪಿಂಚಣಿ ಫ್ರೀಜ್ ಮಾಡಿದ್ದಾರೆ ಮಾರಾಯ್ರೆ."

ಅಂಗಡಿಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾ ಅಲ್ಲಾ! ನಿಲ್ಲಿಸಿಯೇ ಬಿಟ್ರಾ?"

"ನಿಲ್ಲಿಸಿಲ್ಲ. ಏರಿಸುವುದಿಲ್ಲ ಅಂತೆ."

"ಅಂದ್ರೆ ಬರ್ತಾ ಉಂಟು?"

"ಬರ್ತದೆ."

"ಪ್ರತಿ ತಿಂಗಳೂ?"

"ನಾಲ್ಕು ವಾರಕ್ಕೊಂದು ಸಲ."

"ಮನೆಯಲ್ಲೇ ಕೂತ್ರೂ?"

ಅಂಗಡಿಯವರು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ಚೀಲಕ್ಕೆ ಹಾಕಿದರು. "ಬಾಯಮ್ಮ, ನಾನು ಶಟರ್ ಎಳೆದ ದಿನ ನನ್ನದು ಖಲಾಸ್. ನಿಮ್ಮ ಸರ್ಕಾರಕ್ಕೆ ಒಂದು ಮಾತು ಹೇಳಿ. ಏರಿಸದಿದ್ರೂ ಅಡ್ಡಿ ಇಲ್ಲ, ಅಂಥದ್ದೇ ಒಂದು ಫ್ರೀಜ್ ಆದದ್ದು ನನಗೂ ಕಳಿಸ್ಲಿ." ಆಮೇಲೆ ನನ್ನ ಕಡೆ ತಿರುಗಿ, ಊರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ಹಾಗೆ, "ಪೊರ್ಬುಗಳಿಗೂ ಒಂದು" ಅಂದರು.

ನಾನು ಜೋರಾಗಿ ನಕ್ಕೆ. ಕತಾರಿನಲ್ಲಿ ನನಗೆ ಸಂಬಳದ ಮೇಲೆ ತೆರಿಗೆ ಇಲ್ಲ, ಪಿಂಚಣಿಯೂ ಇಲ್ಲ. ಕೆಲಸ ಬಿಡುವ ದಿನ ಕಂಪನಿ ಒಂದು ಮೊತ್ತ ಕೊಡುತ್ತದೆ; ಪರವಾನಗಿ ರದ್ದು ಮಾಡುತ್ತದೆ. ಅತ್ತೆಯ ಕಷ್ಟ ನನಗೆ ಅಂದು ಶ್ರೀಮಂತರ ಕಷ್ಟದ ಹಾಗೆ ಕಂಡಿತು.

ಕಾರಿನಲ್ಲಿ ಅತ್ತೆ, "ಅವರಿಗೆ ಏನೂ ಇಲ್ಲ ಅಂದ ಮಾತ್ರಕ್ಕೆ ನನಗಾದದ್ದು ನ್ಯಾಯವಾ?" ಎಂದು ಕೇಳಿದರು. ಇದು ಕೊಂಕಣಿಯಲ್ಲಿ ಆಡಿದ ಮಾತು, ಕನ್ನಡಕ್ಕೆ ತಂದವನು ನಾನು. ತರುವಾಗ ಅದಕ್ಕೊಂದು ಗಾಂಭೀರ್ಯ ಹತ್ತಿಕೊಂಡಿದೆ. ಬಹುಶಃ ಅವರು ನ್ಯಾಯ ಎಂಬ ಪದವನ್ನೇ ಬಳಸಿರಲಿಕ್ಕಿಲ್ಲ. 'ಇದು ಸರಿಯಾ' ಎಂದಷ್ಟೇ ಅಂದಿರಬಹುದು. ನಾನು ಕಾರು ಚಾಲೂ ಮಾಡಿದೆ ಎಂಬುದು ಮಾತ್ರ ಎರಡೂ ಭಾಷೆಯಲ್ಲಿ ಒಂದೇ.

ಆ ರಾತ್ರಿಯೋ, ಅಥವಾ ಇನ್ನೊಂದು ರಾತ್ರಿಯೋ, ಊಟಕ್ಕೆ ಕೂತಾಗ ನಾನು ಬ್ರಿಟಿಷ್ ಸರ್ಕಾರದ ಪರ ವಾದಿಸಿದೆ. ಆ ಸರ್ಕಾರದ ಪರ ವಾದಿಸಲು ನನಗೇನೂ ಕಾರಣವಿರಲಿಲ್ಲ, ಸುಮ್ಮನೆ ತಮಾಷೆಗೆ. "ಮಾಂಯ್, ಅವರ ಕಡೆಯಿಂದಲೂ ನೋಡಿ. ಅಲ್ಲಿ ದುಡಿಯುವವರು ತೆರಿಗೆ ಕಟ್ಟಿದ ಹಣ ಅದು. ನೀವು ತೆರಿಗೆಯೇ ಇಲ್ಲದ ಊರಲ್ಲಿ ಕೂತು ಹೆಚ್ಚು ಕೊಡಿ ಅಂದರೆ ಹೇಗೆ?"

ಅತ್ತೆ ತಟ್ಟೆಯಿಂದ ಕೈ ಎತ್ತಿದರು. "ತೆರಿಗೆ ಇಲ್ಲದ್ದು ನಿನಗೆ. ಆಸ್ಪತ್ರೆಯ ಪಿಂಚಣಿ ಬೇರೆ ಬರುತ್ತದಲ್ಲ, ಅದರಲ್ಲಿ ಅವರು ಈಗಲೂ ನನ್ನಿಂದ ತೆರಿಗೆ ಹಿಡಿಯುತ್ತಾರೆ, ಗೊತ್ತಾ? ಹಿಡಿಯುವಾಗ ನಾನು ದೋಹಾದಲ್ಲಿದ್ದರೆ ಅವರಿಗೆ ಅಡ್ಡಿಯಿಲ್ಲ. ಏರಿಸುವಾಗ ಮಾತ್ರ ದೋಹಾ ಬಹಳ ದೂರ."

"ಆ ಆಸ್ಪತ್ರೆಯ ಪಿಂಚಣಿ ಏರುತ್ತದಲ್ಲ?"

"ಏರುತ್ತದೆ. ಒಂದೇ ದೇಶ, ಒಂದೇ ಹೆಂಗಸು. ಒಂದು ಕೈ ಏರಿಸುತ್ತದೆ, ಒಂದು ಕೈ ಏರಿಸುವುದಿಲ್ಲ. ಮತ್ತೆ ಕೇಳು. ನಾನು ಇಲ್ಲಿರುವುದರಿಂದ ನನ್ನ ಮೊಣಕಾಲಿನ ಖರ್ಚು ಅವರಿಗಿಲ್ಲ. ಔಷಧದ ಖರ್ಚಿಲ್ಲ. ಬಸ್ ಪಾಸ್ ಕೊಡಬೇಕಾಗಿಲ್ಲ. ಅದೆಲ್ಲ ಯಾರ ತಲೆಯ ಮೇಲೆ?"

ಯಾರ ತಲೆಯ ಮೇಲೆ ಎಂದು ಮೂವರಿಗೂ ಗೊತ್ತಿತ್ತು. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ಮೆಟ್ಟಿದಳು. ನಾನು ನಿಲ್ಲಿಸಬೇಕಿತ್ತು, ಬದಲಿಗೆ, "ಹಾಗಲ್ಲ ಮಾಂಯ್, ಅಲ್ಲಿದ್ದವರಿಗೆ ಏರಿಸುತ್ತಾರೆ, ಇಲ್ಲದವರಿಗೆ ಇಲ್ಲ. ಲೆಕ್ಕ ಅಷ್ಟೇ" ಅಂದೆ.

"ಸರಿ ಕಫೀಲ್ ಸಾಹೇಬ್ರೇ. ಹಾಗಾದರೆ ಅಲ್ಲಿರುತ್ತೇನೆ."

ನಾವು ನಕ್ಕೆವು. ಅವರೂ ನಕ್ಕರೆಂದು ನನ್ನ ನೆನಪು. ಇದನ್ನು ಹೆಂಡತಿಯ ಹತ್ತಿರ ವಿಚಾರಿಸಿಲ್ಲ.

ಮರುವಾರ ಅವರೇ ಎಲ್ಲ ತಿಳಿದುಕೊಂಡು ಬಂದರು. ಅಲ್ಲಿಗೆ ಸುಮ್ಮನೆ ಭೇಟಿಗೆ ಹೋದರೂ ಸಾಕಂತೆ, ಅಲ್ಲಿದ್ದಷ್ಟು ದಿನ ಪಿಂಚಣಿ ಇವತ್ತಿನ ದರಕ್ಕೆ ಏರುತ್ತದೆ. ವಿಮಾನ ಹತ್ತಿ ಹೊರಬಂದ ಕೂಡಲೇ ಮತ್ತೆ ಹಳೆಯ ದರಕ್ಕೆ ಇಳಿಯುತ್ತದೆ. ನಾನು ಗಲ್ಫಿನ ಮನುಷ್ಯ; ಯಾವ ಮಾತು ಬಂದರೂ ಮನಸ್ಸು ಮೊದಲು ಟಿಕೆಟ್ಟಿನ ದರಕ್ಕೆ ಹೋಗುತ್ತದೆ. "ಏರುವುದಕ್ಕಿಂತ ಟಿಕೆಟ್ಟಿಗೇ ಜಾಸ್ತಿ ಹೋಗುತ್ತದೆ. ಅದರ ಮೇಲೆ ಬಾಡಿಗೆ, ಚಳಿಗೆ ಹೀಟರು. ಶುದ್ಧ ನಷ್ಟ ಮಾಂಯ್."

"ನಷ್ಟವೇ ಆಗಲಿ. ನನ್ನ ದರ ನನಗೆ ಒಮ್ಮೆ ಬರಲಿ."

ಇದು ಹಣದ ಮಾತಲ್ಲ ಎಂದು ನನಗೆ ಆಗ ಹೊಳೆಯಿತು ಎಂದು ಬರೆಯಲು ಆಸೆಯಾಗುತ್ತದೆ. ಹೊಳೆದಿರಲಿಲ್ಲ. ನಾನು ಫೋನಿನಲ್ಲಿ ಅಗ್ಗದ ಟಿಕೆಟ್ ಹುಡುಕುತ್ತಿದ್ದೆ.

ಅವರು ಹೊರಡುವ ಮೊದಲು ಅಲ್ಲಿನ ಪಿಂಚಣಿ ಕಚೇರಿಗೆ ತಿಳಿಸಬೇಕಿತ್ತು. ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ನಾವು ಮೂವರೂ ಸುತ್ತ ಕೂತೆವು. ಬಹಳ ಹೊತ್ತು ಸಂಗೀತ ಬಂತು. ಕೊನೆಗೆ ಒಬ್ಬ ಹುಡುಗಿಯ ಸ್ವರ. ಅತ್ತೆಯ ಇಂಗ್ಲಿಷು ತಟ್ಟನೆ ಬೇರೆಯಾಯಿತು. ಆ ಊರಿನ ಇಂಗ್ಲಿಷು, ನಮ್ಮ ಜೊತೆ ಅವರು ಎಂದೂ ಆಡದ್ದು. ಮಗಳು ತಾಯಿಯನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿದಳು. ಅಥವಾ ನಾನು ಹಾಗೆ ನೋಡಿದೆ.

ಹುಡುಗಿ ಎಲ್ಲ ವಿಚಾರಿಸಿ ಕೊನೆಗೆ ಮೃದುವಾಗಿ ಕೇಳಿದಳು, ನೀವು ಬರುತ್ತಿರುವುದು ಸ್ವಲ್ಪ ದಿನದ ಭೇಟಿಗೋ, ಇಲ್ಲೇ ಇರಲಿಕ್ಕೋ?

ಅತ್ತೆ ಫೋನು ಎತ್ತಿಕೊಂಡರು. ಸ್ಪೀಕರ್ ಆರಿಸಿದರು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಮಗೆ ಏಸಿಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಹೊರಗೆ ಬಂದಾಗ ಹೆಂಡತಿ ಕೇಳಿದಳು, "ಏನಂದಿರಿ ಮಮ್ಮಿ?"

"ಒಳ್ಳೆಯ ಹುಡುಗಿ. ಅಲ್ಲಿ ಮಳೆಯಂತೆ."

ಹಾಗೆ ಹೋದವರು ಈಗ ತಮ್ಮ ಹಳೆಯ ಸಹೋದ್ಯೋಗಿಯೊಬ್ಬಳ ಮನೆಯ ಹಿಂಬದಿಯ ಕೋಣೆಯಲ್ಲಿದ್ದಾರೆ. ಮೊದಲ ತಿಂಗಳೇ ವಿಡಿಯೊದಲ್ಲಿ "ಬಂತು!" ಎಂದು ಕೂಗಿದರು, ಪರೀಕ್ಷೆ ಪಾಸಾದವರ ಹಾಗಿದ್ದರು. ಏರಿದ ಹಣ ಕೋಣೆಯ ಬಾಡಿಗೆಗೆ ಸಾಲುವುದಿಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಬಸ್ ಪಾಸ್ ಸಿಕ್ಕಿದೆ. ಮೊಣಕಾಲು ತೋರಿಸಲು ಸರತಿಯಲ್ಲಿದ್ದಾರೆ; ಸರತಿ ಉದ್ದವಿದೆ ಎಂದು ಹೆಮ್ಮೆಯಿಂದಲೇ ಹೇಳಿದರು.

ಕತಾರಿನ ಪರವಾನಗಿ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಹೋಗುತ್ತದೆ. ನಮ್ಮ ಕಂಪನಿಯಲ್ಲಿ ಈ ಕಾಗದಪತ್ರ ನೋಡುವವನನ್ನು, ಆಮೇಲೆ ಅತ್ತೆಗೆ ಹೊಸದಾಗಿ ಮಾಡಿಸಬಹುದಾ ಎಂದು ಕೇಳಿದೆ. ಅವನು "ಇನ್ಶಾ ಅಲ್ಲಾ" ಅಂದ. ಇಲ್ಲಿ ಇಷ್ಟು ವರ್ಷ ಇದ್ದವನಿಗೆ ಆ ಸ್ವರದ ಅರ್ಥ 'ಕಷ್ಟ' ಎಂದು ಗೊತ್ತಾಗುತ್ತದೆ. ಆರು ತಿಂಗಳು ತುಂಬುತ್ತಾ ಬಂದಿದೆ. ಅತ್ತೆಗೆ ಹೇಳಿದ್ದೇನೆ. "ನೋಡುವ ಪುತಾ" ಅನ್ನುತ್ತಾರೆ. ವಾಪಸು ಬರುವ ಟಿಕೆಟ್ಟಿನ ದಿನವನ್ನು ಎರಡು ಸಲ ಮುಂದೆ ಹಾಕಿದ್ದೇನೆ, ಎರಡು ಸಲವೂ ದಂಡ ಕಟ್ಟಿ.

ಹೆಂಡತಿ ಅವರ ಜೊತೆ ದಿನವೂ ಮಾತಾಡುತ್ತಾಳೆ. ಹವೆ, ಊಟ, ಮೊಣಕಾಲಿನ ಸರತಿ. ಬರುವ ಮಾತು ಎತ್ತುವುದಿಲ್ಲ. ಒಮ್ಮೆ ನಾನೇ ಒತ್ತಾಯ ಮಾಡಿದೆ, "ಕೇಳಿಬಿಡು."

"ಚಿಕ್ಕವಳಿದ್ದಾಗ ಅಜ್ಜಿಯ ಮನೆಯಿಂದ ಪ್ರತಿ ಸಲ ಕೇಳುತ್ತಿದ್ದೆ" ಅಂದಳು, "ಯಾವಾಗ ಬರ್ತೀರಿ ಅಂತ. ಈಗ ನೀನು ಕೇಳು."

ನಾನೂ ಕೇಳಿಲ್ಲ. ಪಿಂಚಣಿ ಕಚೇರಿಯ ಹುಡುಗಿಗೆ ಅವರು ಏನು ಹೇಳಿದರು ಎಂದು ನನಗೆ ಗೊತ್ತಿಲ್ಲ. ಅವರು ಹೋದದ್ದು ದರಕ್ಕಾಗಿಯೋ, ನನ್ನ ಹೆಸರಿನ ಮೇಲಿನ ಪರವಾನಗಿ ಸಾಕಾಗಿಯೋ, ಮಾವನನ್ನು ಮಣ್ಣು ಮಾಡಿದ ಊರೆಂದೋ, ಗೊತ್ತಿಲ್ಲ. ಮುಂದಿನ ವಾರದ ವಿಮಾನದಲ್ಲಿ ಅವರ ಹೆಸರಿದೆ. ಬರುತ್ತಾರೋ ಇಲ್ಲವೋ ಗೊತ್ತಿಲ್ಲ.