ಪಿಕಪ್ಪಿನ ಸೊಂಡಿಲು

ನಮ್ಮ ಕಡೆ ವರ್ಷಪೂರ್ತಿ ಹರಿಯುವ ನದಿ ಒಂದಿದ್ದರೆ ತೋರಿಸಿ, ನೋಡೋಣ. ಇರುವುದೆಲ್ಲ ಕೆರೆ. ಅದೂ ಒಳ್ಳೆ ಮಳೆಯಾದ ವರ್ಷ ಮಾತ್ರ ಕೆರೆ, ಉಳಿದ ವರ್ಷ ಕ್ರಿಕೆಟ್ ಮೈದಾನ. ಇಂಥ ಕೋಲಾರ ಸೀಮೆಯಲ್ಲಿ ಕೂತು ನಮ್ಮ ಯಜಮಾನರು ತಮ್ಮ ಡೀಸೆಲ್ ಪಿಕಪ್ಪಿಗೆ ನದಿ ದಾಟುವ ಗಾಳಿ ಕೊಳವೆ ಹಾಕಿಸಿದರು. ಬಾನೆಟ್ಟಿನ ಪಕ್ಕದಿಂದ ಹೊರಟು, ಮುಂದಿನ ಗಾಜಿನ ಅಂಚು ಹಿಡಿದು ಕ್ಯಾಬಿನ್ನಿನ ನೆತ್ತಿಯವರೆಗೆ ಏರುವ ದಪ್ಪ ಕಪ್ಪು ಕೊಳವೆ. ಗಾಡಿ ಕುತ್ತಿಗೆವರೆಗೆ ನೀರಲ್ಲಿ ಇಳಿದರೂ ಇಂಜಿನ್ನು ಮೇಲಿನಿಂದ ಉಸಿರೆಳೆದುಕೊಳ್ಳಲಿ ಅಂತ ಯಾವ ದೇಶದವರೋ ಮಾಡಿದ್ದು. ನಮ್ಮ ಗಾಡಿ ಕಂಡ ನೀರೆಂದರೆ ಹೋಳೂರಿನಲ್ಲಿ ಗಾಡಿ ತೊಳೆಯುವವನ ಪೈಪಿನ ನೀರು.

ಶುರುವಾಗಿದ್ದು ಟೇಕಲ್ ಕಡೆ ಒಂದು ಲೋಡು ಟೊಮೇಟೊ ಹಾಕಿಕೊಂಡು ಹೋಗಿ ಬಂದ ಮೇಲೆ. ಏರಿನಲ್ಲಿ ಗಾಡಿ ಎಳೆಯಲಿಲ್ಲವಂತೆ. ನಾನು ಅಂದೆ, "ಏರ್ ಫಿಲ್ಟರ್ ಕಟ್ಕೊಂಡಿರುತ್ತೆ, ಹೊಸದು ಹಾಕ್ಸಿ." ಹಳೆಯ ಫಿಲ್ಟರನ್ನು ಅವರು ಎಷ್ಟು ಸಲ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಬಡಿದು ಮತ್ತೆ ಹಾಕಿದ್ದರೆಂದರೆ, ಅದರ ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು.

"ನಿನಗೇನ್ ಗೊತ್ತಾಗುತ್ತೆ, ಸುಮ್ನಿರೇ. ಗಾಡಿಗೆ ಉಸಿರು ಸಾಲ್ತಿಲ್ಲ," ಅಂದರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಉಸಿರಿನದೇ ಮಾತು. ಊಟಕ್ಕೆ ಕೂತರೆ ಎಡಗೈಯಲ್ಲಿ ಫೋನು. ಅದರೊಳಗೆ ಗಡ್ಡ ಬಿಟ್ಟ ಯಾವನೋ ಒಬ್ಬ ಮರುಭೂಮಿಯಲ್ಲಿ ಗಾಡಿ ಹಾರಿಸುತ್ತ ಇಂಗ್ಲಿಷಿನಲ್ಲಿ ಒದರುತ್ತಿದ್ದ. ಇವರು ರಾಗಿ ಮುದ್ದೆ ನುಂಗುತ್ತ ತಲೆಯಾಡಿಸುತ್ತಿದ್ದರು. ಒಂದು ದಿನ ಎಣ್ಣೆ ಸವರಿದ ಹತ್ತಿಯ ಫಿಲ್ಟರೇ ಸರಿ ಅನ್ನುವರು. ಮಾರನೆ ದಿನ ಬಾನೆಟ್ಟಿನೊಳಗೆ ಡಬ್ಬಿಯಿಲ್ಲದೆ ಬರೀ ಮೈಯಲ್ಲಿ ಕೂರುವ ಶಂಕುವಿನಾಕಾರದ ಫಿಲ್ಟರು, ಅದು ಬುಸುಗುಟ್ಟುವ ಸದ್ದಿಗೇ ಜನ ದಾರಿ ಬಿಡ್ತಾರೆ ಅನ್ನುವರು. ಮಾಲೂರಿನ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಬಂದರು. ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದಾಗ ಹಣ್ಣಿನ ರೇಟು ಕೇಳುವುದು ಬಿಟ್ಟು ಯಲ್ದೂರಿನ ಡ್ರೈವರುಗಳನ್ನೆಲ್ಲ ಕಟ್ಟಿ ಹಾಕಿ ಗಾಳಿಯ ವಿಚಾರ ಚರ್ಚಿಸಿದರು. ನನ್ನನ್ನು ನೋಡಲು ಬಂದಾಗ ಇಷ್ಟು ವಿಚಾರಿಸಿರಲಿಲ್ಲ, ಮಹಾರಾಯರು.

ಅದೇ ಹೊತ್ತಿನಲ್ಲಿ ನಾನು ರೇಷ್ಮೆ ಹುಳ ಇಳಿಸಿದ್ದೆ. ಹಿತ್ತಲಿನ ಆಚೆಗೆ ನಮ್ಮ ಹುಳುಮನೆ. ಹುಳ ಪೊರೆ ಬಿಡಲು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದೊಂದು ಜ್ವರ ಎದ್ದಾಗಲೂ ಅವಕ್ಕೆ ಮೊದಲಿಗಿಂತ ಹೆಚ್ಚು ಹಸಿವು. ಹೊತ್ತು ಹೊತ್ತಿಗೆ ಸೊಪ್ಪು ತರಬೇಕು, ಹಾಕಬೇಕು, ಕಸ ತೆಗೆಯಬೇಕು. ಹೊರಗಿನವರನ್ನು ಒಳಗೆ ಬಿಡಬಾರದು, ರೋಗ ಬರುತ್ತದೆ. ಯಜಮಾನರು ಸೊಪ್ಪಿನ ಹೊರೆ ಬಾಗಿಲಲ್ಲಿ ಧೊಪ್ಪೆಂದು ಇಳಿಸಿ ಹೋಗುವರೇ ಹೊರತು ಒಳಗೆ ಇಣುಕಿದವರಲ್ಲ. ಅವರಿಗೆ ಯಾವ ರೋಗದ ಭಯವೂ ಇರಲಿಲ್ಲ, ಪುರುಸೊತ್ತು ಇರಲಿಲ್ಲ ಅಷ್ಟೆ. ಆದರೆ ಆ ಪಿಕಪ್ಪಿನ ಕಂತು ಕಟ್ಟಿದ್ದು ಈ ಹುಳಗಳೇ. ಇದನ್ನು ನಾನು ಜೋರಾಗಿ ಹೇಳಿದರೆ ಮನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಮ್ಮು ಬರುತ್ತಿತ್ತು.

ಕೊನೆಗೆ ಮುಳಬಾಗಿಲಿನ ಬೈಪಾಸ್ ಪಕ್ಕದ ಒಂದು ಅಂಗಡಿಯಲ್ಲಿ ತೀರ್ಮಾನವಾಯಿತು. ಹುಳುಮನೆಗೆ ಹೊಡೆಯುವ ಔಷಧಿ ತರಲೆಂದು ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬೆಣ್ಣೆ ಹಚ್ಚಿದ.

"ಚೂಡಂಡಿ ಅಣ್ಣಾ, ನೋಡಿ, ಆನೆ ಸೊಂಡಿಲು ಎತ್ತಿದಂಗೆ ಇಲ್ವಾ? ಹಾಕ್ಸಿದ್ರೆ ಇದನ್ನೇ ಹಾಕ್ಸಬೇಕು."

"ನಮ್ಮೂರಲ್ಲಿ ನದಿ ಎಲ್ಲಪ್ಪಾ ಇದೆ?" ಅಂದೆ.

"ಅಯ್ಯೋ ಅಕ್ಕಾ, ನೀರಿಗೆ ಅಂತಲೇ ಅಲ್ಲ. ಮೇಲ್ಗಡೆ ಧೂಳು ಕಮ್ಮಿ ಇರುತ್ತೆ, ಗಾಳಿ ಶುದ್ಧ."

ಆ ಮಾತು ನಿಜವೇ ಇರಬಹುದು. ಅವನ ಹತ್ತಿರ ಕೊಳವೆಯ ತುದಿಗೆ ಹಾಕಲು ಎರಡು ತಲೆ ಇದ್ದವು. ಒಂದು ಗುಂಡನೆಯದು, ಮುಚ್ಚಳ ಕವುಚಿದ ಚೊಂಬಿನ ಹಾಗೆ. ಧೂಳನ್ನು ಸುತ್ತಿಸಿ ಹೊರಗೆ ಎಸೆಯುತ್ತದಂತೆ. ಇನ್ನೊಂದು ಮುಂದಕ್ಕೆ ದೊಡ್ಡದಾಗಿ ಬಾಯಿ ತೆರೆದದ್ದು, ಬಾಯಿಗೆ ಒಂದು ಜಾಲರಿ. ಯಜಮಾನರು ಚೊಂಬನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಾಯಿ ತೆರೆದದ್ದನ್ನೇ ಆರಿಸಿದರು. ಅದರ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಈ ಜಾಲರಿ ಕಿತ್ತಾಕು. ಗಾಳಿಗೆ ಏನೂ ಅಡ್ಡ ಇರಬಾರದು," ಅಂದರು.

"ಇರ್ಲಿ ಬಿಡ್ರೀ, ಎಲೆ ಗಿಲೆ ಹೋದ್ರೆ?" ಅಂದೆ. ಅಂಗಡಿಯವನಿಗೂ ಮನಸ್ಸಿರಲಿಲ್ಲ. ಆದರೆ ಇವರಿಗೆ ಮರುಭೂಮಿಯ ಗಡ್ಡದವನೇ ಗುರು. ಜಾಲರಿ ಕಿತ್ತಿಸಿದರು.

ಊರಿಗೆ ಬಂದ ಸಂಜೆ ಅರಳಿಕಟ್ಟೆಯವರೆಲ್ಲ ಎದ್ದು ಬಂದರು. ಕೊಳವೆ ಸವರಿದರು, ಬೆರಳಲ್ಲಿ ತಟ್ಟಿದರು. ಪಕ್ಕದ ತೋಟದವನು ಮಾತ್ರ ಅದರ ಬಾಯಿಯನ್ನೇ ನೋಡುತ್ತ ನಿಂತಿದ್ದ. ಅವನದೂ ಒಂದು ಪಿಕಪ್ಪಿದೆ, ನಮ್ಮದಕ್ಕಿಂತ ಹಳೆಯದು, ಬಾಗಿಲಿಗೆ ಹಗ್ಗ ಕಟ್ಟಿ ಓಡಿಸುವಂಥದ್ದು.

"ನೋಡಿದ್ಯೇನೇ ಅವನ ಕಣ್ಣ? ನುಂಗಿ ಬಿಡೋ ಥರ ನೋಡ್ದ," ಅಂದರು ಯಜಮಾನರು ಒಳಗೆ ಬಂದು.

ಬೆಳಿಗ್ಗೆ ಎದ್ದು ನೋಡುತ್ತೇನೆ, ಕೊಳವೆಗೆ ಅರಿಶಿನ, ಕುಂಕುಮ. ಕಪ್ಪು ಬಟ್ಟೆಯಲ್ಲಿ ಪಟಿಕದ ತುಂಡು, ನಿಂಬೆಹಣ್ಣು, ಮೆಣಸಿನಕಾಯಿ ಸೇರಿಸಿ ಗಂಟು ಕಟ್ಟಿ, ದೃಷ್ಟಿಗೆ ಅಂತ ಕಪ್ಪು ದಾರದಲ್ಲಿ ಇಳಿಬಿಟ್ಟಿದ್ದರು. ಎಲ್ಲಿಗೆ ಅಂತೀರಿ? ಸರಿಯಾಗಿ ಆ ತೆರೆದ ಬಾಯಿಗೆ! ಗಾಳಿಗೆ ಅಡ್ಡ ಅಂತ ಜಾಲರಿ ಕಿತ್ತವರು ಇವರೇ, ಅದೇ ಬಾಯಿಗೆ ನಿಂಬೆಹಣ್ಣು ಕಟ್ಟಿದವರೂ ಇವರೇ.

"ಅಲ್ರೀ, ಬಂಪರ್‌ಗೆ ಕಟ್ಟಬಾರ್ದಿತ್ತಾ?"

"ಕಣ್ಣು ಬಿದ್ದಿದ್ದು ಬಂಪರ್ ಮೇಲಲ್ಲ ಕಣೇ."

ನನಗೆ ವಾದಕ್ಕೆ ಪುರುಸೊತ್ತಿರಲಿಲ್ಲ. ಅಂದೇ ಹುಳ ಗೂಡು ಕಟ್ಟುವ ಬಿದಿರ ತಟ್ಟಿಯಿಂದ, ಅಂದರೆ ಚಂದ್ರಿಕೆಯಿಂದ, ಗೂಡು ಬಿಡಿಸಬೇಕಿತ್ತು, ಮಾರನೆ ಬೆಳಿಗ್ಗೆ ಕೋಲಾರದ ಮಾರ್ಕೆಟ್ಟಿನ ಹರಾಜಿಗೆ ಸೇರಿಸಬೇಕಿತ್ತು. ಬಿಡಿಸಿದ ಗೂಡು ಕಾಯುವುದಿಲ್ಲ. ಚೀಲದಲ್ಲಿ ಬಿಸಿಲಿಗೆ ನಿಂತರೆ ಬೆವರುತ್ತದೆ, ಕಲೆ ಬೀಳುತ್ತದೆ. ಅಂಥ ಗೂಡನ್ನು ನೂಲು ಬಿಚ್ಚುವವರು ಕೈಯಲ್ಲಿ ಹಿಸುಕಿ ನೋಡಿ ಮುಂದೆ ಹೋಗಿಬಿಡುತ್ತಾರೆ. ಆ ಬೆಳೆಯಂತೂ ನಾನು ಕಂಡ ಬೆಳೆಗಳಲ್ಲೇ ಚೆನ್ನಾಗಿತ್ತು. ಅಲ್ಲಾಡಿಸಿದರೆ ಕಟಕಟ ಅನ್ನುವ ಗಟ್ಟಿ ಗೂಡು.

ಬೆಳಿಗ್ಗೆ ಚೀಲಗಳನ್ನು ಸಡಿಲವಾಗಿ ಜೋಡಿಸಿ ಹೊರಟೆವು. ಕೋಲಾರದ ರಸ್ತೆಗೆ ಬಿದ್ದು ಯಜಮಾನರು ಆಕ್ಸಿಲರೇಟರ್ ಒತ್ತಿದರು. "ಕೇಳಿಸ್ಕೋ, ಹೆಂಗೆ ಉಸಿರೆಳೀತಿದೆ!" ಅಂದರು. ಅಂದ ಬಾಯಿ ಮುಚ್ಚುವ ಮೊದಲೇ ಗಾಡಿ ಗೊಕ್ ಅಂತು. ಹಿಂದೆ ಕರೀ ಹೊಗೆ ಭುಗ್ಗೆಂದು ಎದ್ದಿತು. ನಾಲ್ಕು ಮಾರು ತೆವಳಿ ರಸ್ತೆ ಬದಿಗೆ ನಿಂತೇ ಹೋಯಿತು.

ಬಾನೆಟ್ ಎತ್ತಿದ್ದೇ ತಡ, ಎಲ್ಲಿದ್ದರೋ ಜನ, ಮುತ್ತಿಕೊಂಡರು. ಒಬ್ಬ ಟರ್ಬೊ ಹೋಗಿದೆ ಅಂದ. ಇನ್ನೊಬ್ಬ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆತಿದೆ ಅಂದ. ಎಲ್ಲರೂ ಬಗ್ಗಿ ನೋಡುವವರೇ, ತಲೆ ಎತ್ತಿ ನೋಡಿದವರು ಒಬ್ಬರಿಲ್ಲ. ನಾನೇ ಎತ್ತಿದೆ.

"ರೀ, ಆ ನಿಂಬೆಹಣ್ಣು ಎಲ್ಲಿ?"

ಕೊಳವೆಯ ಬಾಯಲ್ಲಿ ಗಂಟು ಇರಲಿಲ್ಲ. ಯಜಮಾನರ ಮುಖ ಬಿಳಿಚಿತು. "ಅಯ್ಯೋ, ಬಿದ್ದೋಗಿದೆ! ಅದಕ್ಕೇ ಹಿಂಗಾಗಿರೋದು. ಕಟ್ಟಿದ್ದು ಕಳಚಿತು, ಕಣ್ಣು ತಾಗ್ತು!" ಅಂದವರೇ ರಸ್ತೆಯಾಚೆಯ ಪೆಟ್ಟಿಗೆ ಅಂಗಡಿಗೆ ಇನ್ನೊಂದು ನಿಂಬೆಹಣ್ಣು ತರಲು ಓಡಿದರು. ನನ್ನ ಮೈಯೆಲ್ಲ ಉರಿಯಿತು. ಬಿಸಿಲು ಏರುತ್ತಿತ್ತು. ಚೀಲದೊಳಗೆ ಕೈಯಿಟ್ಟೆ, ಆಗಲೇ ಬೆಚ್ಚಗಾಗುತ್ತಿತ್ತು. ಅಳು ಬಂತು. ಒಂದು ತಿಂಗಳು ಸರಿಯಾಗಿ ಮಲಗದೆ ಸಾಕಿದ್ದು, ಈ ಮನುಷ್ಯನ ಸೊಂಡಿಲಿಗೆ ಬಲಿ.

ಆಗ ಬಂತು ಪಕ್ಕದ ತೋಟದವನ ಗಾಡಿ, ಹಗ್ಗ ಕಟ್ಟಿದ ಬಾಗಿಲು ಬಡಿಯುತ್ತ. ಖಾಲಿಯಾಗಿತ್ತು. ನಾನು ರಸ್ತೆಗೆ ಅಡ್ಡ ನಿಂತೆ.

"ಏನಾಯ್ತಕ್ಕಾ? ಗೂಡಾ? ಹಾಕಿ, ಹಾಕಿ," ಅಂತ ಇಳಿದ.

ಯಜಮಾನರು ನಿಂಬೆಹಣ್ಣು ಹಿಡಿದು ಓಡಿ ಬಂದು ನನ್ನ ಕಿವಿಯಲ್ಲಿ, "ಲೇ, ಅವನ ಗಾಡೀಲಾ? ಬುದ್ಧಿ ಇದ್ಯಾ ನಿನಗೆ?" ಅಂದರು.

"ನೀವು ಇಲ್ಲೇ ಇದ್ದು ಪೂಜೆ ಮುಗಿಸ್ಕೊಂಡು ಬನ್ನಿ," ಅಂದು ಮೊದಲ ಚೀಲ ಎತ್ತಿದೆ.

ದಾರಿಯಲ್ಲಿ ಅವನು ಒಂದು ಕೈಯಲ್ಲಿ ಬಾಗಿಲಿನ ಹಗ್ಗ ಹಿಡಿದು ಗಾಡಿ ಓಡಿಸಿದ. ಆಮೇಲೆ ಸಂಕೋಚದಿಂದ, "ಅಕ್ಕಾ, ಆ ಪೈಪು ಎಲ್ಲಿ ಹಾಕ್ಸಿದ್ದು? ಅವತ್ತಿಂದ ನಿದ್ದೇನೇ ಬರ್ತಿಲ್ಲ. ನಂಗೂ ಒಂದು ಬೇಕು," ಅಂದ. ಏನು ಹೇಳಲಿ ಇವನಿಗೆ? ಹರಾಜು ಶುರುವಾಗುವ ಮೊದಲೇ ಮುಟ್ಟಿಸಿದ, ಗೂಡಿಗೆ ಒಳ್ಳೆ ರೇಟು ಸಿಕ್ಕಿತು. ಅದಕ್ಕೆ ಬಯ್ಯದೆ ಅಂಗಡಿಯ ದಾರಿ ಹೇಳಿದೆ.

ಸಂಜೆ ಮನೆಗೆ ಬಂದರೆ ಮೆಕ್ಯಾನಿಕ್ಕು ಕೊಳವೆ ಬಿಚ್ಚಿ, ತಂತಿ ಹಾಕಿ, ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ಗಂಟನ್ನು ಎಳೆದು ತೆಗೆದು ಹೋಗಿದ್ದನಂತೆ. ಈಗಲಾದರೂ ಬುದ್ಧಿ ಬಂದಿರುತ್ತದೆ ಅಂದುಕೊಂಡೆ. ಯಜಮಾನರು ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದರು, ಕಣ್ಣಲ್ಲಿ ಭಕ್ತಿ.

"ನೋಡೇ, ಎಂಥಾ ದೃಷ್ಟಿ! ಕಟ್ಟಿದ್ದ ಗಂಟನ್ನೇ ಒಳಗೆ ಎಳ್ಕೊಂಡುಬಿಟ್ಟಿದೆ. ಇದಿಲ್ದೆ ಇದ್ದಿದ್ರೆ ಇಂಜಿನ್ನೇ ಹೋಗಿರೋದು."

ಮಾರನೆ ದಿನ ಇನ್ನೂ ದೊಡ್ಡ ನಿಂಬೆಹಣ್ಣು ಹಾಕಿ, ಇನ್ನೂ ಗಟ್ಟಿ ದಾರದಲ್ಲಿ, ಅದೇ ಬಾಯಿಗೆ ಕಟ್ಟಿದರು. ಮುಂದಿನ ಬೆಳೆಯ ಹುಳ ಗೂಡು ಕಟ್ಟುವ ಹೊತ್ತಿಗೆ ಪಕ್ಕದ ತೋಟದವನ ಗಾಡಿಗೂ ಸೊಂಡಿಲು ಬಂದಿತ್ತು. ಗಂಟು ಕಟ್ಟುವುದು ಹೇಗೆ ಅಂತ ಅವನು ಕೇಳಲು ಬಂದ, ಇವರು ಕೂತು ಹೇಳಿಕೊಟ್ಟರು. ಇಬ್ಬರೂ ಜೀವದ ಗೆಳೆಯರಾದರು. ಊರಲ್ಲಿ ಗೂಡು ಸಾಗಿಸಲು ಇದ್ದದ್ದು ಎರಡೇ ಗಾಡಿ, ಎರಡರ ಬಾಯಲ್ಲೂ ನಿಂಬೆಹಣ್ಣು.

ಗೂಡು ಬಿಡಿಸುವ ದಿನ ನಾನು ಕುಡುಗೋಲು ತೆಗೆದುಕೊಂಡು ನಮ್ಮ ಗಾಡಿಯ ಬಾನೆಟ್ ಹತ್ತಿದೆ. ಗಂಟನ್ನು ಕೊಯ್ದು ತಂದು ಹುಳುಮನೆಯ ಬಾಗಿಲಿಗೆ ಕಟ್ಟಿದೆ. ಇಷ್ಟು ವರ್ಷಗಳಲ್ಲಿ ಆ ಬಾಗಿಲಿಗೆ ಯಾರೂ ಒಂದು ಮೆಣಸಿನಕಾಯಿ ಕಟ್ಟಿರಲಿಲ್ಲ.

ಯಜಮಾನರು ಕೂಗಾಡುತ್ತ ಗಂಟು ಹುಡುಕಿಕೊಂಡು ಬಂದವರು, ಬಾಗಿಲಲ್ಲಿ ಅದನ್ನು ಕಂಡು ನಿಂತರು. ಅಲ್ಲೇ ಒಳಗೆ ಕಣ್ಣು ಹೋಯಿತು. ಚಂದ್ರಿಕೆಗಳ ತುಂಬ ಗೂಡು, ಗೋಡೆಯಿಂದ ಗೋಡೆಗೆ.

"ಇಷ್ಟೊಂದಾ?" ಅಂದರು. ದನಿಯೇ ಬದಲಾಗಿತ್ತು. "ಯಾವಾಗ ಕಟ್ಟಿದ್ವೇ ಇವು?"

"ನೀವು ಅವನಿಗೆ ನಿಂಬೆಹಣ್ಣು ಕಟ್ಟೋದು ಹೇಳ್ಕೊಡ್ತಿದ್ರಲ್ಲ, ಆಗ," ಅಂದೆ.